ಪ್ರಶ್ನೆ ಕೇಳುವವರಿಗೆ ಮಕ್ಕಳು ಮನ ತೆರೆಯುವುದು ಯಾವಾಗ?

ಗಡಿನಾಡಿನ ಮಕ್ಕಳಿಗೆ ಸಂಶೋಧನೆಯೆಂಬುದು ದೂರದ ಮಾತಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆಯ ಸಂಕಟವನ್ನು ಅಂಕಿಗಳ ರೂಪದಲ್ಲಿ ಜಗತ್ತಿನ ಮುಂದಿಟ್ಟ ಅಧ್ಯಯನಕ್ಕೆ ಆಧಾರವಾದವರು ಶಾಲೆಗೆ ಹೋಗುವ ಬಾಲಕರು. ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಬಳಿಕ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ವಿಷಯವನ್ನು ಕೈಗೆತ್ತಿಕೊಂಡಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು 2001ರಲ್ಲಿ ಇಲ್ಲಿಗೆ ಬಂದರು. ಬಾಲಕರ ಬೆಳವಣಿಗೆಯನ್ನು ಕುರಿತು ಅವರು ಕಂಡುಕೊಂಡ ಸಂಗತಿಗಳು 2003ರಲ್ಲಿ ಅಂತಾರಾಷ್ಟ್ರೀಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾದುವು.

ಆ ಪ್ರಬಂಧದ ಅಂಕಿಗಳನ್ನು ಒಮ್ಮೆ ನಿಧಾನವಾಗಿ ಓದಬೇಕು. ಸಿಂಪಡಣೆಗೆ ಒಳಗಾದ ಊರಿನ 10ರಿಂದ 19 ವರ್ಷದೊಳಗಿನ 117 ಬಾಲಕರು, ಸಿಂಪಡಣೆಯ ಸೋಂಕಿಲ್ಲದ ಪ್ರದೇಶದ 90 ಬಾಲಕರು. ರಕ್ತದಲ್ಲಿ ಹಾರ್ಮೋನು ಹಾಗೂ ವಿಷದ ಶೇಷವನ್ನು ಅಳೆದುದು ಇವರಲ್ಲಿ ಕ್ರಮವಾಗಿ 70 ಮತ್ತು 47 ಮಂದಿಯದು. ವಿಷದ ಸೋಂಕು ತಗಲಿದ ಹುಡುಗರಲ್ಲಿ ಪ್ರಾಯಕ್ಕೆ ಬರುವ ಬೆಳವಣಿಗೆ ತಡವಾಗಿರಬಹುದೆಂಬುದು ಅಧ್ಯಯನದ ಮುಖ್ಯ ಸೂಚನೆ. ಹುಟ್ಟಿನಿಂದಲೇ ಬರುವ ಕೆಲವು ನ್ಯೂನತೆಗಳು ಒಂದು ಗುಂಪಿನಲ್ಲಿ ಶೇಕಡಾ 5.1, ಇನ್ನೊಂದರಲ್ಲಿ ಶೇಕಡಾ 1.1 ಎಂದು ಕಂಡುಬಂದವು. ಶೇಕಡಾವಾರನ್ನು ಮಕ್ಕಳ ಲೆಕ್ಕಕ್ಕೆ ಇಳಿಸಿದರೆ ಅದು ಆರು ಮಕ್ಕಳು ಮತ್ತು ಒಂದು ಮಗು. ಆರಕ್ಕೂ ಒಂದಕ್ಕೂ ಇರುವ ಅಂತರ ಸಾಮಾನ್ಯರ ಕಣ್ಣಿಗೆ ದೊಡ್ಡದೇ. ಆದರೆ ಸಂಖ್ಯಾಶಾಸ್ತ್ರ ಅದನ್ನು ಒಪ್ಪಲಿಲ್ಲ. ಇಷ್ಟು ಕಡಿಮೆ ಮಂದಿಯಲ್ಲಿ ಆ ಅಂತರ ಕಾಕತಾಳೀಯವೂ ಆಗಿರಬಹುದು ಎಂದಿತು. ತಮ್ಮ ಅಧ್ಯಯನದ ಮಿತಿಗಳನ್ನು ಸಂಶೋಧಕರೇ ಎರಡು ಮಾತಿನಲ್ಲಿ ಒಪ್ಪಿಕೊಂಡರು: ಪರೀಕ್ಷೆಗೊಳಗಾದವರ ಸಂಖ್ಯೆ ಚಿಕ್ಕದು, ಪಾಲ್ಗೊಳ್ಳದೆ ಉಳಿದವರೂ ಇದ್ದಾರೆ.

ಪಾಲ್ಗೊಳ್ಳದೆ ಉಳಿದ ಮಕ್ಕಳು ಎಂಬ ಈ ಮಾತಿನ ತೂಕ ಗಡಿನಾಡಿಗೆ ಚೆನ್ನಾಗಿ ಗೊತ್ತು. ಮುಂದೆ 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನಿಗೆ ದೇಶದಾದ್ಯಂತ ತಡೆ ನೀಡುವವರೆಗಿನ ವಾದವಿವಾದಗಳಲ್ಲಿ, ಸಾಕ್ಷ್ಯ ಸಾಲದು ಎಂಬ ಆಕ್ಷೇಪ ಮತ್ತೆ ಮತ್ತೆ ಕೇಳಿಬಂದಿತ್ತು. ಒಂದು ಮಗು ಪರೀಕ್ಷೆಯ ಕೋಣೆಯಿಂದ ಹಿಂದೆ ಸರಿದರೆ ಅದು ಆ ಮಗುವಿನ ಹಕ್ಕು, ಅದನ್ನು ತಪ್ಪೆನ್ನುವಂತಿಲ್ಲ. ಆದರೆ ಮಕ್ಕಳು ಏಕೆ ಹಿಂದೆ ಸರಿಯುತ್ತಾರೆ, ಯಾವುದರಿಂದ ಅವರು ಮನಸಾರೆ ಮುಂದೆ ಬರುತ್ತಾರೆ ಎಂಬುದನ್ನು ತಿಳಿಯದ ಸಂಶೋಧನೆ ಸತ್ಯದ ಅರ್ಧವನ್ನಷ್ಟೇ ಕಾಣುತ್ತದೆ.

ಹಿಂದೆ ಸರಿಯಲು ಕಾರಣಗಳು ಹಲವು. ಹನ್ನೆರಡು ವರ್ಷದ ಹುಡುಗನಿಗೆ ಅಪರಿಚಿತರೆದುರು ಅಂಗಿ ಕಳಚುವ ನಾಚಿಕೆ, ಸೂಜಿಯ ಭಯ, ಅರ್ಥವಾಗದ ಕಾಗದಕ್ಕೆ ಸಹಿ ಹಾಕುವ ಹೆತ್ತವರ ಅಳುಕು, ಊರಿಗೆ ಕೆಟ್ಟ ಹೆಸರು ಬಂದೀತೆಂಬ ಹಿಂಜರಿಕೆ. ಇವೆಲ್ಲಕ್ಕೂ ಮೂಲವಾದ ಇನ್ನೊಂದು ಕಾರಣವೂ ಇದೆ. ಇದು ತನ್ನ ಕೆಲಸವಲ್ಲ, ದೊಡ್ಡವರ ಯಾವುದೋ ಕೆಲಸಕ್ಕೆ ತನ್ನನ್ನು ಸಾಲಿನಲ್ಲಿ ನಿಲ್ಲಿಸಿದ್ದಾರೆ ಎಂಬ ಮಗುವಿನ ಅನಿಸಿಕೆ ಅದು.

ಭಾಷೆಯೇ ಮೊದಲ ಬಾಗಿಲು

ಮಾಯಿಪ್ಪಾಡಿಯಲ್ಲಿ ಡಯಟ್, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯ, ಜಿಲ್ಲೆಯ ಅಲ್ಲಲ್ಲಿ ಅಧ್ಯಾಪಕ ತರಬೇತಿ ಕೇಂದ್ರಗಳು ಇರುವಾಗ, ಪ್ರಶ್ನಾವಳಿ ಹಿಡಿದ ಸಂಶೋಧನಾ ವಿದ್ಯಾರ್ಥಿಯೊಬ್ಬರು ಕನ್ನಡ ಮಾಧ್ಯಮ ಶಾಲೆಯ ಮೆಟ್ಟಿಲೇರುವುದು ಅಪರೂಪದ ದೃಶ್ಯವಲ್ಲ. ಅವರ ಕೈಯಲ್ಲಿರುವ ಕಾಗದ ಯಾವ ಭಾಷೆಯದು ಎಂಬಲ್ಲಿಂದಲೇ ಅಧ್ಯಯನದ ಭವಿಷ್ಯ ನಿರ್ಧಾರವಾಗುತ್ತದೆ. ಮಲಯಾಳದಲ್ಲಿ ಬರೆದ ಪ್ರಶ್ನೆಯನ್ನು ಕನ್ನಡದಲ್ಲಿ ಓದಲು ಕಲಿತ ಮಗುವಿನ ಮುಂದಿಟ್ಟು, ಉತ್ತರ ಬಾರದಿದ್ದಾಗ ‘ಗೊತ್ತಿಲ್ಲ’ ಎಂದು ಗುರುತು ಹಾಕಿದರೆ, ಅಳೆದುದು ಮಗುವಿನ ತಿಳುವಳಿಕೆಯನ್ನಲ್ಲ, ಪ್ರಶ್ನೆ ಕೇಳಿದವರ ಅಸಡ್ಡೆಯನ್ನು.

ಕನ್ನಡದಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ಸಮಸ್ಯೆ ಮುಗಿಯುವುದಿಲ್ಲ. ಸಪ್ತಭಾಷಾ ಸಂಗಮಭೂಮಿಯೆಂದು ಹೆಸರಾದ ಈ ನೆಲದಲ್ಲಿ ಕನ್ನಡ ಶಾಲೆಯ ಮಗು ಮನೆಯಲ್ಲಿ ತುಳು, ಹವ್ಯಕ ಕನ್ನಡ, ಮರಾಠಿ, ಕೊಂಕಣಿ, ಬ್ಯಾರಿ, ಮಲಯಾಳ ಇವುಗಳಲ್ಲಿ ಯಾವುದನ್ನಾದರೂ ಆಡುತ್ತಿರಬಹುದು. ಅಂಗನವಾಡಿಯಿಂದ ಬಂದ ಪುಟ್ಟ ಹುಡುಗಿಗೆ ಬೆಕ್ಕಿನ ಚಿತ್ರ ತೋರಿಸಿದರೆ ಅವಳು ‘ಪುಚ್ಚೆ’ ಎನ್ನಬಹುದು. ಪಟ್ಟಿಯಲ್ಲಿ ‘ಬೆಕ್ಕು’ ಎಂದಿದೆಯೆಂದು ಉತ್ತರವನ್ನು ತಪ್ಪೆಂದು ಗುರುತಿಸಿದರೆ ಏನಾಗುತ್ತದೆ? ಬೆಕ್ಕನ್ನು ಬಲ್ಲ, ಅದರ ಹೆಸರನ್ನೂ ಬಲ್ಲ ಮಗು ದಾಖಲೆಯಲ್ಲಿ ಹಿಂದುಳಿದವಳಾಗುತ್ತಾಳೆ. ಅದಕ್ಕಿಂತ ಮುಖ್ಯವಾಗಿ, ಕೇಳಿದವರ ಮುಖದಲ್ಲಿ ಮೂಡಿದ ಅಸಮಾಧಾನವನ್ನು ಕಂಡು ಮುಂದಿನ ಚಿತ್ರಕ್ಕೆ ಬಾಯಿಯನ್ನೇ ತೆರೆಯುವುದಿಲ್ಲ.

ಅಳತೆಗೋಲು ಕೂಡ ಭಾಷೆಯೊಳಗಿನಿಂದಲೇ ಹುಟ್ಟಬೇಕು. ಕನ್ನಡ ಮಕ್ಕಳು ಓದಲು ಕಲಿಯುವ ಬಗೆಯನ್ನು ಬೆಂಗಳೂರಿನಲ್ಲಿ ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ಒಳ್ಳೆಯ ನಿದರ್ಶನ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಗುರುತಿಸುವಷ್ಟು ಬೇಗನೆ ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಕೈವಶವಾಗುವುದಿಲ್ಲ. ಆ ಕಲಿಕೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಸಾಗುತ್ತದೆ ಎಂಬುದನ್ನು ಅದು ತೋರಿಸಿತು. ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವುವುದು ಈ ಲಿಪಿಯ ಸಹಜ ಹಾದಿ, ದಡ್ಡತನದ ಲಕ್ಷಣವಲ್ಲ. ಬೇರೆ ಲಿಪಿಗಾಗಿ ಮಾಡಿದ ಪರೀಕ್ಷೆಯನ್ನು ಅನುವಾದಿಸಿ ತಂದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಮಿತಿಮೀರಿ ಕಠಿನವಾದ ಪ್ರಶ್ನೆಗಳ ಸಾಲಿನೆದುರು ಕುಳಿತ ಮಗುವಿಗೆ ಆಸಕ್ತಿ ಹುಟ್ಟೀತು ಎಂದು ಬಯಸುವುದೂ ನ್ಯಾಯವಲ್ಲ.

ಆಟವೂ ಅಳತೆಯೂ

ಮಕ್ಕಳಿಗೆ ಪರೀಕ್ಷೆಯ ವಾಸನೆ ಬಹಳ ಬೇಗ ತಿಳಿಯುತ್ತದೆ. ದೊಡ್ಡವರೊಬ್ಬರು ಎದುರು ಕುಳಿತು, ತಮಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳುವಾಗ, ಮಗು ಪ್ರಶ್ನೆಯನ್ನು ಬಿಟ್ಟು ಕೇಳುವವರ ಮನಸ್ಸನ್ನು ಓದತೊಡಗುತ್ತದೆ. ಇದನ್ನು ಸೊಗಸಾಗಿ ತೋರಿಸಿದ ಪ್ರಯೋಗವೊಂದು ಸ್ಕಾಟ್ಲೆಂಡಿನಲ್ಲಿ 1974ರ ಸುಮಾರಿಗೆ ನಡೆಯಿತು.

ಮಕ್ಕಳ ಮನೋವಿಜ್ಞಾನದಲ್ಲಿ ದೊಡ್ಡ ಹೆಸರಾದ ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ, ಎರಡು ಸಾಲು ಬಿಲ್ಲೆಗಳನ್ನು ಸಮಸಮವಾಗಿ ಜೋಡಿಸಿ, ಎರಡರಲ್ಲೂ ಅಷ್ಟಷ್ಟೇ ಇವೆಯೇ ಎಂದು ಕೇಳುತ್ತಿದ್ದರು. ಮಗು ಹೌದೆಂದ ಬಳಿಕ ಒಂದು ಸಾಲನ್ನು ಅಗಲಕ್ಕೆ ಹರಡಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುವುದು ಕ್ರಮ. ಆರು ವರ್ಷದೊಳಗಿನ ಬಹುಪಾಲು ಮಕ್ಕಳು ಉದ್ದವಾದ ಸಾಲಿನಲ್ಲಿ ಹೆಚ್ಚಿವೆ ಎನ್ನುತ್ತಿದ್ದರು. ಈ ಪ್ರಾಯದಲ್ಲಿ ಸಂಖ್ಯೆಯ ಅರಿವು ಬಲಿತಿರುವುದಿಲ್ಲ ಎಂಬ ತೀರ್ಮಾನಕ್ಕೆ ಅದು ಆಧಾರವಾಯಿತು. ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದರಲ್ಲಿ ಒಂದೇ ಒಂದು ಬದಲಾವಣೆ ಮಾಡಿದರು. ಸಾಲನ್ನು ಕೆಡಿಸುವ ಕೆಲಸವನ್ನು ಒಂದು ತುಂಟ ಕರಡಿಬೊಂಬೆಗೆ ವಹಿಸಿದರು. ಪೆಟ್ಟಿಗೆಯಿಂದ ಹಾರಿಬಂದ ಕರಡಿ ಆಟ ಹಾಳುಮಾಡಿ ಹೋಗುತ್ತದೆ. ಮಗುವಿಗೆ ಅದೇ ಪ್ರಶ್ನೆ ಕೇಳಲಾಗುತ್ತದೆ. ದೊಡ್ಡವರು ಬಿಲ್ಲೆ ಸರಿಸಿದಾಗ ನೂರಕ್ಕೆ 16ರಷ್ಟು ಮಕ್ಕಳು ಸರಿಯುತ್ತರ ಕೊಟ್ಟಿದ್ದರೆ, ಕರಡಿ ಸರಿಸಿದಾಗ ನೂರಕ್ಕೆ 60ಕ್ಕೂ ಹೆಚ್ಚು ಮಕ್ಕಳು ಸರಿಯಾಗಿ ಹೇಳಿದರು. ಮೇಷ್ಟ್ರಂಥವರು ಬೇಕೆಂದೇ ಸಾಲನ್ನು ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉತ್ತರವೂ ಬದಲಾಗಬೇಕೇನೋ ಎಂದು ಮಗು ಊಹಿಸುತ್ತದೆ ಎಂಬುದು ಡೊನಾಲ್ಡ್‌ಸನ್ನರ ವಿವರಣೆ.

ಮಾರ್ಟಿನ್ ಹ್ಯೂಸ್ ಎಂಬ ಇನ್ನೊಬ್ಬ ಸಂಶೋಧಕರು ಕಣ್ಣಾಮುಚ್ಚಾಲೆಯ ದಾರಿ ಹಿಡಿದರು. ಇನ್ನೊಬ್ಬರ ಕಣ್ಣಿಗೆ ಏನು ಕಾಣುತ್ತದೆ ಎಂಬುದನ್ನು ಚಿಕ್ಕ ಮಕ್ಕಳು ಊಹಿಸಬಲ್ಲರೇ ಎಂದು ಅಳೆಯಲು ಪಿಯಾಜೆ ಮೂರು ಬೆಟ್ಟಗಳ ಮಾದರಿಯನ್ನು ಬಳಸಿದ್ದರು, ಮಕ್ಕಳು ಸೋತಿದ್ದರು. ಹ್ಯೂಸ್ ಅಡ್ಡಗೋಡೆಗಳ ನಡುವೆ ಪೊಲೀಸ್ ಬೊಂಬೆಗಳನ್ನು ನಿಲ್ಲಿಸಿ, ಹುಡುಗನ ಬೊಂಬೆಯನ್ನು ಪೊಲೀಸರಿಗೆ ಕಾಣದಂತೆ ಅಡಗಿಸಲು ಹೇಳಿದರು. ಮೂರೂವರೆಯಿಂದ ಐದು ವರ್ಷದ ಮಕ್ಕಳ ಉತ್ತರಗಳಲ್ಲಿ ನೂರಕ್ಕೆ 90ರಷ್ಟು ಸರಿಯಾಗಿದ್ದವು. ಬೆಟ್ಟದ ಆಚೆ ನಿಂತವರಿಗೆ ಏನು ಕಾಣುತ್ತದೆ ಎಂಬುದು ಮಗುವಿಗೆ ಸಂಬಂಧವಿಲ್ಲದ ವಿಚಾರ. ಅಡಗುವುದು ಹಾಗಲ್ಲ; ಅದು ದಿನನಿತ್ಯದ ವಿದ್ಯೆ.

ಹಾಗೆಂದು ಬೊಂಬೆ ತಂದೊಡನೆ ಸಂಶೋಧನೆ ಗೆದ್ದಿತೆಂದಲ್ಲ. ತುಂಟ ಕರಡಿಯ ಪ್ರಯೋಗವನ್ನು 1986ರಲ್ಲಿ ಮರುಪರಿಶೀಲಿಸಿದ ಸಂಶೋಧಕರು ಕರಡಿ ನಿಜವಾಗಿಯೇ ಬಿಲ್ಲೆಗಳ ಸಂಖ್ಯೆಯನ್ನು ಬದಲಿಸುವಂತೆ ಮಾಡಿದಾಗಲೂ, ಎರಡು ಸಾಲೂ ಸಮ ಎಂದೇ ಹೇಳಿದ ಮಕ್ಕಳಿದ್ದರು. ಕರಡಿಯ ಗಮ್ಮತ್ತಿನಲ್ಲಿ ಅವರು ಬಿಲ್ಲೆಗಳನ್ನು ನೋಡಿರಲೇ ಇಲ್ಲ. ಮಕ್ಕಳ ಅಧ್ಯಯನ ಮಾಡುವವರು ಮರೆಯಬಾರದ ಪಾಠ ಇದು. ಆಟವು ಪ್ರಶ್ನೆಯನ್ನು ಮಗುವಿಗೆ ಅರ್ಥವಾಗಿಸಬೇಕೇ ಹೊರತು ಪ್ರಶ್ನೆಯನ್ನೇ ಮರೆಸಬಾರದು. ಬಣ್ಣದ ಸ್ಟಿಕ್ಕರು, ಮೊಬೈಲಿನ ಸದ್ದು, ಅಂಕಗಳ ಸುರಿಮಳೆಗಳಿಂದ ಮಗುವನ್ನು ಅರ್ಧ ತಾಸು ಕೂರಿಸಬಹುದು. ಆದರೆ ಬರೆದುಕೊಂಡ ಉತ್ತರ ಸ್ಟಿಕ್ಕರಿನ ಆಸೆಯದೋ ಮಗುವಿನ ಮನಸ್ಸಿನದೋ ಎಂದು ತಿಳಿಯದೆ ಹೋದೀತು.

ದೊಡ್ಡ ಸಜ್ಜಿಕೆಯಿಲ್ಲದೆಯೂ ಮಗುವನ್ನು ಹಗುರಗೊಳಿಸಬಹುದು. ‘ಪ್ರಥಮ್’ ಸಂಸ್ಥೆ 2005ರಿಂದ ದೇಶದ ಗ್ರಾಮಗಳಲ್ಲಿ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯಲ್ಲಿ ಓದಿನ ಪರೀಕ್ಷೆ ನಡೆಯುವುದು ಶಾಲೆಯಲ್ಲಲ್ಲ, ಮಗುವಿನ ಮನೆಯಲ್ಲಿ. ಒಂದು ಹಾಳೆ, ಒಂದು ಮಗು. ಮೊದಲು ಸರಳವಾದ ನಾಲ್ಕು ವಾಕ್ಯಗಳು. ಓದಿದರೆ ಕಥೆಗೆ ಮೇಲೇರುವುದು, ಎಡವಿದರೆ ಪದಗಳಿಗೆ, ಅಲ್ಲಿಂದ ಅಕ್ಷರಗಳಿಗೆ ಇಳಿಯುವುದು. ಗಂಟೆ ಬಾರಿಸುವುದಿಲ್ಲ, ಪಕ್ಕದ ಬೆಂಚಿನವರು ನಗುವುದಿಲ್ಲ. ಸಾಧಾರಣವೆನಿಸುವ ಇಂಥ ಏರ್ಪಾಡಿನ ಹಿಂದೆ ಮಗುವಿನ ಮುಖವನ್ನು ನೋಡಿದವರ ತಿಳುವಳಿಕೆಯಿದೆ.

‘ಬೇಡ’ ಎನ್ನುವ ಸ್ವಾತಂತ್ರ್ಯ

ಮಗುವಿಗೆ ಅಧ್ಯಯನ ಇಷ್ಟವಾಗುವಂತೆ ಮಾಡುವುದಕ್ಕೂ ಮಗುವನ್ನು ಪುಸಲಾಯಿಸುವುದಕ್ಕೂ ನಡುವಿನ ಗೆರೆ ತೆಳ್ಳಗಿನದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಈ ಗೆರೆಯನ್ನು ಎಳೆಯಲು ನೆರವಾಗುತ್ತವೆ. ಹೆತ್ತವರ ಒಪ್ಪಿಗೆ ಎಲ್ಲ ಮಕ್ಕಳ ವಿಷಯದಲ್ಲೂ ಬೇಕು. ಅದರ ಜತೆಗೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿಯನ್ನೂ, 12ರಿಂದ 18 ವರ್ಷದವರಿಂದ ಸರಳ ಭಾಷೆಯಲ್ಲಿರುವ ಕಾಗದದ ಮೇಲೆ ಲಿಖಿತ ಸಮ್ಮತಿಯನ್ನೂ ಪಡೆಯಬೇಕು. ತಂದೆ ಸಹಿ ಹಾಕಿದ ಮೇಲೆ ಮಗುವನ್ನು ಕೇಳುವುದೇನಿದೆ ಎಂಬ ಹಳೆಯ ಧೋರಣೆಗೆ ಇಲ್ಲಿ ಎಡೆಯಿಲ್ಲ.

ಕಾಗದದಲ್ಲಿ ಇರುವುದು ಬೇರೆ, ತರಗತಿಯಲ್ಲಿ ನಡೆಯುವುದು ಬೇರೆ ಆಗುವ ಅಪಾಯ ಇದ್ದೇ ಇದೆ. ಹೆಡ್‌ಮಾಷ್ಟ್ರು ಬಾಗಿಲಲ್ಲಿ ನಿಂತು ‘ಎಲ್ಲರೂ ಉತ್ತರ ಬರೆಯಿರಿ’ ಎಂದರೆ, ಮೂವತ್ತು ಮಕ್ಕಳಲ್ಲಿ ಒಬ್ಬರಾದರೂ ‘ಬೇಡ’ ಎಂದಾರೆಯೇ? ಗುರುಗಳ ಮಾತಿಗೆ ಎದುರಾಡಬಾರದೆಂದು ಮನೆಯಲ್ಲೇ ಕಲಿಸಿದ ಸಮಾಜದಲ್ಲಿ, ಅಧ್ಯಾಪಕರ ಎದುರು ಕೇಳಿದ ಸಮ್ಮತಿ ಸಮ್ಮತಿಯಾಗುವುದು ಕಷ್ಟ. ಒಳ್ಳೆಯ ಸಂಶೋಧಕರು ಈ ಕಾರಣಕ್ಕೆ ಬೇರೆಯಾಗಿ ಕೂತು, ‘ಇದು ಪರೀಕ್ಷೆಯಲ್ಲ, ಅಂಕವಿಲ್ಲ, ಬೇಡವೆನಿಸಿದರೆ ಯಾವಾಗ ಬೇಕಾದರೂ ಎದ್ದುಹೋಗಬಹುದು, ಟೀಚರ್ ಬೈಯುವುದಿಲ್ಲ’ ಎಂದು ಮೊದಲೇ ಹೇಳುತ್ತಾರೆ. ಹೇಳುವುದಷ್ಟೇ ಅಲ್ಲ, ನಿಲ್ಲಿಸಲು ಸುಲಭವಾದ ದಾರಿಯನ್ನೂ ಕೊಡುತ್ತಾರೆ. ಕೆಂಪು ಕಾರ್ಡೊಂದನ್ನು ಮಗುವಿನ ಕೈಯಲ್ಲಿಟ್ಟು, ಸಾಕೆನಿಸಿದಾಗ ಎತ್ತಿ ತೋರಿಸು ಎಂದರೆ ಮಾತಾಡಲು ಅಂಜುವ ಮಗುವೂ ತನ್ನ ಇಚ್ಛೆಯನ್ನು ತಿಳಿಸಬಲ್ಲದು. ಎದ್ದುಹೋಗಬಹುದೆಂಬ ನಂಬಿಕೆ ಇರುವ ಮಗು ನಿರಾಳವಾಗಿ ಕೂರುತ್ತದೆ.

ಉಡುಗೊರೆಯ ವಿಷಯದಲ್ಲೂ ಇದೇ ವಿವೇಕ ಬೇಕು. ಕೊನೆಗೆ ಎಲ್ಲರಿಗೂ ಒಂದೊಂದು ಪೆನ್ಸಿಲ್ ಕೊಡುವುದು ಕೃತಜ್ಞತೆ. ರಕ್ತ ಕೊಟ್ಟವರಿಗೆ ಮಾತ್ರ ದೊಡ್ಡ ಉಡುಗೊರೆ ಎಂದು ಮೊದಲೇ ಘೋಷಿಸುವುದು ಆಮಿಷ. ನೋವು, ನಾಚಿಕೆಗಳ ಪ್ರಸಂಗವಿದ್ದಲ್ಲಿ ಮಗು ನಂಬುವ ಒಬ್ಬರು ಹತ್ತಿರವಿರುವುದು, ತೆರೆ ಹಾಕಿದ ಕೋಣೆ, ಮುಂದೆ ಏನು ಮಾಡಲಿದ್ದೇವೆಂದು ಒಂದೊಂದಾಗಿ ತಿಳಿಸುವ ತಾಳ್ಮೆ ಉಡುಗೊರೆಗಿಂತ ದೊಡ್ಡವು. ನೋವಾಗುತ್ತಿದೆಯೇ ಎಂದು ಕೇಳಿದರೆ ಉತ್ತರಿಸಲಾರದ ಪುಟ್ಟವರಿಗಾಗಿ, ನಗುಮುಖದಿಂದ ಅಳುಮುಖದವರೆಗೆ ಆರು ಮುಖಗಳ ಚಿತ್ರಪಟ್ಟಿಯನ್ನು ಆಸ್ಪತ್ರೆಗಳು ಬಳಸುತ್ತವೆ. ಡೋನಾ ವಾಂಗ್ ಮತ್ತು ಕೋನಿ ಬೇಕರ್ ಎಂಬ ಅಮೆರಿಕದ ಇಬ್ಬರು 1980ರ ದಶಕದಲ್ಲಿ ಮಕ್ಕಳೊಂದಿಗೇ ಕೆಲಸ ಮಾಡುತ್ತ ಅದನ್ನು ರೂಪಿಸಿದರು. ಮಗು ಬೆರಳಿಟ್ಟು ತೋರಿಸಿದರೆ ಸಾಕು.

ಮಕ್ಕಳೇ ಸಂಶೋಧಕರಾದಾಗ

ಆಸಕ್ತಿಯ ಅತ್ಯುತ್ತಮ ಮೂಲವೆಂದರೆ ಪ್ರಶ್ನೆ ತನ್ನದೆಂಬ ಭಾವ. ದೇಶದ ಮರಗಳ ಋತುಚಕ್ರವನ್ನು ಗಮನಿಸಲು 2010ರಲ್ಲಿ ಆರಂಭವಾದ ‘ಸೀಸನ್‌ವಾಚ್’ ಯೋಜನೆಗೆ ಅತಿ ಹೆಚ್ಚು ಮಾಹಿತಿ ಒದಗಿಸುವವರಲ್ಲಿ ಕೇರಳದ ಶಾಲಾ ಮಕ್ಕಳು ಮುಂಚೂಣಿಯಲ್ಲಿದ್ದಾರೆ. ಕೆಲಸ ಸರಳ. ಶಾಲೆಯ ಅಂಗಳದ್ದೋ ಮನೆಯ ಹಿತ್ತಿಲಿನದೋ ಒಂದು ಮರವನ್ನು ಆರಿಸಿಕೊಳ್ಳುವುದು. ವಾರಕ್ಕೊಮ್ಮೆ ಅದರ ಚಿಗುರು, ಹೂವು, ಕಾಯಿಗಳನ್ನು ನೋಡಿ ಗುರುತು ಹಾಕುವುದು. ವಿಷುವಿನ ಕಣಿಗೆ ಬೇಕಾದ ಕೊನ್ನೆಹೂ ಕಾಲಕ್ಕೆ ಮುಂಚೆಯೇ ಅರಳಿತೇ, ಹಲಸು ಈ ವರ್ಷ ಯಾವ ತಿಂಗಳಲ್ಲಿ ಮಿಡಿ ಬಿಟ್ಟಿತು ಎಂಬ ಪ್ರಶ್ನೆಗಳು ಗಡಿನಾಡಿನ ಮಗುವಿಗೆ ಹೊರಗಿನವೇನಲ್ಲ. ಹವಾಮಾನದ ಬದಲಾವಣೆಯನ್ನು ಅರಿಯಲು ವಿಜ್ಞಾನಿಗಳಿಗೆ ಬೇಕಾದ ಮಾಹಿತಿಯೂ ಇದೇ.

1993ರಿಂದ ನಡೆದು ಬಂದ ರಾಷ್ಟ್ರೀಯ ಬಾಲ ವಿಜ್ಞಾನ ಸಮಾವೇಶ ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಸಮಸ್ಯೆಯೊಂದನ್ನು ತಾವೇ ಆರಿಸಿ, ಅಳೆದು, ವಿವರಿಸುವ ಅವಕಾಶ ಅಲ್ಲಿದೆ. ಸುರಂಗದ ನೀರು ಯಾವ ತಿಂಗಳಲ್ಲಿ ಬತ್ತುತ್ತದೆ, ಅಡಿಕೆಯ ಕೊಳೆರೋಗ ಯಾವ ಮಳೆಯ ಬಳಿಕ ಹೆಚ್ಚುತ್ತದೆ ಎಂದು ನೆರೆಮನೆಯವರನ್ನು ಕೇಳಿ ಪಟ್ಟಿ ಮಾಡುವ ಹುಡುಗಿಗೆ, ಪ್ರಶ್ನೆ ಕೇಳಿಸಿಕೊಳ್ಳುವವರ ಕಷ್ಟವೂ ತಿಳಿಯುತ್ತದೆ. ನಾಳೆ ಯಾರಾದರೂ ಪ್ರಶ್ನಾವಳಿ ಹಿಡಿದು ಬಂದರೆ ಅವಳು ಅಂಜುವುದಿಲ್ಲ. ‘ಇದನ್ನು ಯಾಕೆ ಕೇಳುತ್ತೀರಿ?’ ಎಂದು ಮರುಪ್ರಶ್ನೆ ಹಾಕುತ್ತಾಳೆ.

ಹೆತ್ತವರು ಕೇಳಬೇಕಾದುದು

ಆ ಮರುಪ್ರಶ್ನೆಯನ್ನು ಹೆತ್ತವರೂ ರಕ್ಷಕ ಶಿಕ್ಷಕ ಸಂಘದವರೂ ಹಾಕಬೇಕು. ಸಂಶೋಧನೆಯನ್ನು ತಡೆಯುವುದಕ್ಕಲ್ಲ, ಅದು ಸರಿಯಾಗಿ ನಡೆಯುವುದಕ್ಕೆ. ಮಗುವಿನ ಪುಸ್ತಕದೊಳಗೆ ಒಪ್ಪಿಗೆಯ ಕಾಗದ ಬಂದಾಗ, ಅದು ಕನ್ನಡದಲ್ಲಿ ಇದೆಯೇ? ಮಗುವಿಗೂ ಬೇರೆಯಾಗಿ ವಿವರಿಸಿದ್ದಾರೆಯೇ? ಪ್ರಶ್ನೆ ಕೇಳುವವರಿಗೆ ಮಗುವಿನ ಮನೆಮಾತು ತಿಳಿಯುತ್ತದೆಯೇ, ತಿಳಿಯದಿದ್ದರೆ ತಿಳಿದವರು ಜತೆಗಿರುತ್ತಾರೆಯೇ? ಎಷ್ಟು ಹೊತ್ತು ಹಿಡಿಯುತ್ತದೆ? ಮಗುವಿನ ಹೆಸರು ಎಲ್ಲಿ ಬರೆದಿಡುತ್ತಾರೆ, ಯಾರು ನೋಡುತ್ತಾರೆ? ಯಾವ ನೈತಿಕ ಸಮಿತಿ ಈ ಅಧ್ಯಯನವನ್ನು ಒಪ್ಪಿದೆ? ನಡುವೆ ಬಿಟ್ಟುಬಂದರೆ ಶಾಲೆಯಲ್ಲಿ ತೊಂದರೆಯಿಲ್ಲ ತಾನೇ? ಒಳ್ಳೆಯ ಸಂಶೋಧಕರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಉತ್ತರ ಸಿದ್ಧವಿಲ್ಲದವರಿಗೆ ಒಂದು ದಿನ ಕಾಯಲು ಹೇಳಿದರೆ ತಪ್ಪೇನೂ ಇಲ್ಲ.

ಕೊನೆಯದಾಗಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಫಲಿತಾಂಶವನ್ನು ನಮಗೆ ಯಾವಾಗ ತಿಳಿಸುತ್ತೀರಿ? ಮಕ್ಕಳಿಂದ ಮಾಹಿತಿ ಪಡೆದು ಹೋದವರು ಹಿಂತಿರುಗಿ ಬಾರದಿದ್ದರೆ, ಮುಂದಿನ ಸಲ ಬರುವ ಪ್ರಾಮಾಣಿಕ ಸಂಶೋಧಕರಿಗೂ ಬಾಗಿಲು ಅರ್ಧವಷ್ಟೇ ತೆರೆಯುತ್ತದೆ. ಒಂದು ಪುಟದ ಕನ್ನಡ ಬರಹ, ಶಾಲಾ ಅಸೆಂಬ್ಲಿಯಲ್ಲಿ ಹತ್ತು ನಿಮಿಷದ ಮಾತು, ಗೋಡೆಗೆ ಅಂಟಿಸಿದ ಒಂದು ಚಿತ್ರಪಟ ಸಾಕು. ‘ನೀವು ಹೇಳಿದ್ದರಿಂದ ನಮಗೆ ಇದು ತಿಳಿಯಿತು’ ಎಂಬ ಮಾತು ಮಗುವಿಗೆ ಪೆನ್ಸಿಲಿಗಿಂತ ಹೆಚ್ಚಿನ ಸಂತೋಷ ಕೊಡುತ್ತದೆ. ಅನಾರೋಗ್ಯದ ಸುಳಿವು ಸಿಕ್ಕಿದ್ದರೆ ಅದನ್ನು ಮನೆಯವರಿಗೆ ಗುಟ್ಟಾಗಿ ತಿಳಿಸಿ ಚಿಕಿತ್ಸೆಯ ದಾರಿ ತೋರಿಸುವುದು ಔದಾರ್ಯವಲ್ಲ, ಕರ್ತವ್ಯ.

ಕನ್ನಡ ಮಾಧ್ಯಮದ ಮಕ್ಕಳು ಕೇರಳದಲ್ಲಿ ಸಂಖ್ಯೆಯಿಂದ ಕಿರಿಯರು. ಎಣಿಕೆಯಲ್ಲಿ ಕಿರಿಯರಾದವರು ಅಧ್ಯಯನಗಳಿಂದ ಸುಲಭವಾಗಿ ಜಾರಿಹೋಗುತ್ತಾರೆ. ಪ್ರಶ್ನೆಪತ್ರಿಕೆ ತಮ್ಮ ಭಾಷೆಯಲ್ಲಿಲ್ಲದ ಕಾರಣಕ್ಕೆ, ಸಂಕೋಚಕ್ಕೆ, ಯಾರೂ ಕೇಳದ ಕಾರಣಕ್ಕೆ. ಜಾರಿಹೋದವರ ಕಲಿಕೆಯ ಕಷ್ಟ, ಆರೋಗ್ಯದ ತೊಂದರೆ, ಬೇಕಾದ ಸವಲತ್ತು ಯಾವ ವರದಿಯಲ್ಲೂ ಕಾಣುವುದಿಲ್ಲ. ವರದಿಯಲ್ಲಿ ಕಾಣದುದು ಸರಕಾರದ ಕಡತಕ್ಕೂ ಏರುವುದಿಲ್ಲ. ಆರು ಮತ್ತು ಒಂದರ ಲೆಕ್ಕವನ್ನು ಕಂಡ ಜಿಲ್ಲೆ ಇದು. ಇಲ್ಲಿಯ ಪ್ರತಿಯೊಂದು ಮಗುವೂ ಅರ್ಥಮಾಡಿಕೊಂಡು, ಅಂಜಿಕೆಯಿಲ್ಲದೆ, ತನ್ನ ಮಾತಿನಲ್ಲೇ ‘ಆಗಲಿ’ ಎಂದೋ ‘ಬೇಡ’ ಎಂದೋ ಹೇಳುವಂತಾದರೆ, ಆ ಲೆಕ್ಕಕ್ಕೆ ಬರುವ ಬಲವೇ ಬೇರೆ.